ಹಾರ್ಮೋನ್ ಇದ್ದೂ ಬೆಳೆಯದ ಇಲಿ: ‘ಕೊರತೆ’ ಎನ್ನಬಹುದೇ?

ಬಲ್ಲವರಲ್ಲಿ ಒಂದು ಕೇಳಿಕೆ.

ವಂಶವಾಹಿ ಮಾರ್ಪಡಿಸಿದ ಪ್ರಯೋಗಾಲಯದ ಇಲಿಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬೆಳವಣಿಗೆ ಹಾರ್ಮೋನಿನ ಏರುಪೇರು, ಅದರಿಂದಾಗುವ ಕುಬ್ಜತೆ ಅದರ ವಿಷಯ. ‘ಕುಬ್ಜ’ದ ಬಗ್ಗೆ ನನಗೆ ತಕರಾರಿಲ್ಲ. ಸಂಸ್ಕೃತದಲ್ಲಿ ಅದು ಗೂನುಬೆನ್ನಿಗೆ ಸಲ್ಲುವ ಮಾತಾದರೂ ಕನ್ನಡದಲ್ಲಿ ಗಿಡ್ಡತನದ ಅರ್ಥವೇ ನೆಲೆಯೂರಿದೆ. ತೊಡಕಿರುವುದು ‘ರೆಸಿಸ್ಟೆನ್ಸ್’ ಎಂಬಲ್ಲಿ, ಅಂದರೆ ಹಾರ್ಮೋನ್ ಇದ್ದರೂ ದೇಹ ಅದಕ್ಕೆ ಓಗೊಡದಿರುವ ಸ್ಥಿತಿಗೆ ಹೆಸರಿಡುವಲ್ಲಿ.

ಏಮ್ಸ್ (Ames) ಎಂಬ ತಳಿಯ ಕುಬ್ಜ ಇಲಿಯನ್ನು ‘ಹಾರ್ಮೋನ್ ಕೊರತೆಯ ಇಲಿ’ ಎಂದರೆ ತಪ್ಪಿಲ್ಲ. ಪ್ರಾಪ್-1 ಜೀನಿನ ದೋಷದಿಂದಾಗಿ ಮೆದುಳಿನ ಬುಡದಲ್ಲಿರುವ ಅದರ ಪಿಟ್ಯುಟರಿ ಗ್ರಂಥಿಯಲ್ಲಿ ಈ ಹಾರ್ಮೋನನ್ನು ತಯಾರಿಸುವ ಕೋಶಗಳೇ ಸರಿಯಾಗಿ ರೂಪುಗೊಳ್ಳುವುದಿಲ್ಲ. ಆದರೆ ಅಮೆರಿಕದ ಓಹಾಯೋ ವಿಶ್ವವಿದ್ಯಾಲಯದಲ್ಲಿ ಜಾನ್ ಕಾಪ್ಚಿಕ್ ಅವರ ತಂಡ 1997ರಲ್ಲಿ ವರದಿ ಮಾಡಿದ ಇಲಿಯ ಕಥೆ ಬೇರೆ. ಅಲ್ಲಿ ಕೆಡಿಸಿದ್ದು ಹಾರ್ಮೋನಿನ ಜೀನನ್ನಲ್ಲ, ಅದನ್ನು ಹಿಡಿದುಕೊಳ್ಳುವ ರಿಸೆಪ್ಟರಿನ ಜೀನನ್ನು. ಇಲಿ ಮಾಮೂಲು ಗಾತ್ರದ ಸುಮಾರು ಅರ್ಧಕ್ಕೇ ನಿಲ್ಲುತ್ತದೆ. ರಕ್ತದಲ್ಲಿ ಹಾರ್ಮೋನ್ ಮಾತ್ರ ಎಂದಿಗಿಂತ ಹೆಚ್ಚು! ಯಕೃತ್ತಿಗೆ ಆ ಸೂಚನೆ ತಲುಪದ ಕಾರಣ ಬೆಳವಣಿಗೆಗೆ ಬೇಕಾದ ಐಜಿಎಫ್-1 ಎಂಬ ಇನ್ನೊಂದು ಹಾರ್ಮೋನ್ ತೀರಾ ಕಡಿಮೆಯಾಗುತ್ತದೆ. ‘ಸಾಕು’ ಎಂದು ಪಿಟ್ಯುಟರಿಯನ್ನು ತಡೆಯಬೇಕಾದದ್ದೂ ಅದೇ ಐಜಿಎಫ್-1 ಆದ್ದರಿಂದ ಗ್ರಂಥಿ ಸುರಿಸುತ್ತಲೇ ಇರುತ್ತದೆ. ಇದನ್ನು ಕೊರತೆ ಎಂದು ಬರೆಯಲು ಕೈ ಬರುವುದಿಲ್ಲ.

‘ಪ್ರತಿರೋಧ’ ಎನ್ನಬಹುದು, ‘ಇನ್ಸುಲಿನ್ ಪ್ರತಿರೋಧ’ ರೂಢಿಯಲ್ಲಿದೆ. ಆದರೆ ಅದರಲ್ಲಿ ದೇಹವೇ ಎದುರು ನಿಂತು ಹೋರಾಡುತ್ತಿರುವ ಧ್ವನಿಯಿದೆ. ಇಲ್ಲಿ ಹೋರಾಟವೇನೂ ಇಲ್ಲ. ಕಾಗದ ಬಂದಿದೆ, ತೆಗೆದುಕೊಳ್ಳುವವರಿಲ್ಲ, ಅಷ್ಟೆ. ‘ಅಸ್ಪಂದನೆ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ರಿಸೆಪ್ಟರಿಗೆ ‘ಗ್ರಾಹಕ’ ಎಂದು ಕೆಲವು ಕಡೆ ನೋಡಿದ್ದೇನೆ. ‘ಗ್ರಾಹಕರಿಲ್ಲದೆ ಹಾರ್ಮೋನ್ ಉಳಿದುಹೋಗಿದೆ’ ಎಂದು ಬರೆದರೆ ಓದುಗರು ಅಂಗಡಿಯ ವಿಚಾರವೆಂದುಕೊಂಡಾರು. ‘ಗ್ರಾಹಿ’ ಮೇಲು.

ಕಾಪ್ಚಿಕ್ ಅವರೇ ಇದಕ್ಕೆ ಮೊದಲು ಮತ್ತೊಂದು ಬಗೆಯ ಕುಬ್ಜ ಇಲಿಯನ್ನು ಪಡೆದಿದ್ದರು. ಹಸುವಿನ ಬೆಳವಣಿಗೆ ಹಾರ್ಮೋನಿನಲ್ಲಿ 119ನೆಯ ಸ್ಥಾನದ ಗ್ಲೈಸಿನ್ ಎಂಬ ಅಮೈನೋ ಆಮ್ಲವನ್ನು ತೆಗೆದು ಆರ್ಜಿನಿನ್ ಎಂಬ ಇನ್ನೊಂದನ್ನು ಇಟ್ಟರು. ಆ ತಿದ್ದಿದ ಹಾರ್ಮೋನನ್ನು ತಯಾರಿಸುವ ಇಲಿಗಳು ದೈತ್ಯವಾಗುವ ಬದಲು ಗಿಡ್ಡವಾದವು: ನಕಲಿ ಹಾರ್ಮೋನ್ ಗ್ರಾಹಿಯ ಮೇಲೆ ಕುಳಿತುಕೊಳ್ಳುತ್ತದೆ, ಕೆಲಸ ಮಾಡುವುದಿಲ್ಲ, ಅಸಲಿ ಹಾರ್ಮೋನಿಗೆ ಜಾಗ ಬಿಡುವುದೂ ಇಲ್ಲ. ಈ ಎಳೆ ಹಿಡಿದೇ ಆಕ್ರೋಮೆಗಾಲಿ (ಬೆಳವಣಿಗೆ ಹಾರ್ಮೋನ್ ಮಿತಿಮೀರಿ ಕೈಕಾಲು, ಮುಖ ದಪ್ಪವಾಗುವ ಕಾಯಿಲೆ) ರೋಗಿಗಳಿಗೆ ಪೆಗ್‌ವಿಸೊಮಂಟ್ ಎಂಬ ಔಷಧ ಬಂತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಇಂಥ ‘ಆಂಟಾಗೊನಿಸ್ಟ್’ಗೆ ‘ವಿರೋಧಿ’ ಎನ್ನುವುದಕ್ಕಿಂತ ‘ತಡೆಕ’ ವಾಸಿ ಎಂದು ನನ್ನ ಎಣಿಕೆ.

ಇನ್ನೊಂದು ಪೇಚಾಟ. 1982ರಲ್ಲಿ ಪಾಮಿಟರ್, ಬ್ರಿನ್‌ಸ್ಟರ್ ಮತ್ತು ಸಂಗಡಿಗರು ರ್ಯಾಟಿನ ಬೆಳವಣಿಗೆ ಹಾರ್ಮೋನ್ ಜೀನನ್ನು ಮೌಸಿನ ಭ್ರೂಣಕ್ಕೆ ಸೇರಿಸಿ ದೈತ್ಯ ಇಲಿಗಳನ್ನು ಪಡೆದರು. ನಮ್ಮಲ್ಲಿ ಎರಡೂ ಇಲಿಯೇ. ‘ಇಲಿಯ ಜೀನನ್ನು ಇಲಿಗೆ ಸೇರಿಸಿದರು’ ಎಂದರೆ ಇದರಲ್ಲೇನು ಹೆಚ್ಚುಗಾರಿಕೆ ಎಂದು ಯಾರಾದರೂ ಕೇಳುತ್ತಾರೆ. ಹೆಗ್ಗಣ ಬೇರೆಯೇ ಪ್ರಾಣಿ, ಸೊಂಡಿಲಿಯಂತೂ ಇಲಿಯೇ ಅಲ್ಲ. ಮೌಸಿಗೆ ‘ಚಿಟ್ಟಿಲಿ’ ಎಂದರೆ ‘ದೈತ್ಯ ಚಿಟ್ಟಿಲಿ’ ಎಂದು ಬರೆಯಬೇಕಾಗುತ್ತದೆ, ನಗು ಬರುತ್ತದೆ. ಆದರೂ ಅದನ್ನೇ ಇಟ್ಟುಕೊಳ್ಳುವ ಮನಸ್ಸಿದೆ.

‘ಅಸ್ಪಂದನೆ’, ‘ತಡೆಕ’ ಇವನ್ನು ವೈದ್ಯಕೀಯ ಬರಹಗಳಲ್ಲಿ ಬಳಸಿದವರಿದ್ದರೆ ಆ ವಾಕ್ಯವನ್ನೇ ಇಲ್ಲಿ ಹಾಕಿ. ನಿಘಂಟಿನ ಅರ್ಥಕ್ಕಿಂತ ಬಳಕೆಯ ಉದಾಹರಣೆ ನನಗೆ ಬೇಕಾಗಿದೆ.