ವಸಡಿಗೆ ಗ್ರಾಫ್ಟ್ ಮಾಡಿಸಿಕೊಂಡವರು ಅನುಭವ ಹೇಳ್ತೀರಾ?

ಸೋಮವಾರಪೇಟೆಯಿಂದ ಪ್ರಶ್ನೆ:
ಕೆಳಗಿನ ಮುಂದಿನ ಹಲ್ಲಿನ ವಸಡು ಇಳಿದು ಬೇರು ಕಾಣುತ್ತಿದೆ. ಅಂಗುಳಿನಿಂದ ಸ್ವಲ್ಪ ಚರ್ಮ ತೆಗೆದು ಅಲ್ಲಿಗೆ ಹೊಲಿಯಬೇಕು ಎಂದಿದ್ದಾರೆ ಡಾಕ್ಟರು. ಕಾಫಿ ಕೊಯ್ಲಿಗೆ ಮುಂಚೆ ಮುಗಿಸಿಕೊಳ್ಳೋಣ ಅಂತಿದ್ದೇನೆ. ನೋವು ಎಷ್ಟಿರುತ್ತೆ? ಊಟಕ್ಕೆ ಏನು ಮಾಡಿದಿರಿ?

ನಾಪೋಕ್ಲುವಿನಿಂದ:
ಅಕ್ಕಾ, ಕೊಯ್ಲಿಗೆ ಮುಂಚೆ ಅನ್ನೋದು ಸರಿಯಾದ ಯೋಚನೆ. ಮೊದಲ ವಾರ ಭಾರ ಎತ್ತುವ ಹಾಗಿಲ್ಲ, ಬಗ್ಗಿ ದುಡಿಯುವ ಹಾಗೂ ಇಲ್ಲ. ಹೊಲಿಗೆ ಬಿಚ್ಚಲು ಹತ್ತು ಹದಿನಾಲ್ಕು ದಿನ ಆಗುತ್ತೆ.

ಆಪರೇಷನ್‌ಗೆ ಹೆದರಬೇಡಿ. ಇಂಜೆಕ್ಷನ್ ಕೊಟ್ಟ ಮೇಲೆ ಎಳೆಯೋದು, ಒತ್ತೋದು ಗೊತ್ತಾಗುತ್ತೆ, ಅಷ್ಟೇ. ಗ್ರಾಫ್ಟ್ ಹಾಕಿದ ಜಾಗವೂ ನನಗೆ ಜಾಸ್ತಿ ನೋಯಲಿಲ್ಲ. ಕಾಡಿದ್ದು ಅಂಗುಳು. ನಾಲಿಗೆ ತಗುಲಿದರೂ ಉರಿ, ನೀರು ಕುಡಿದರೂ ಉರಿ. ಹಾಗಾಗಿ ಎರಡು ವಿಷಯ ಮೊದಲೇ ಕೇಳಿ. ಒಂದು, ಮೇಲಿನ ಚರ್ಮವನ್ನೇ ತೆಗೆಯುತ್ತಾರಾ, ಇಲ್ಲಾ ಒಳಗಿನ ಪದರ ಮಾತ್ರ ತೆಗೆದು ಮೇಲಿನದನ್ನು ಮುಚ್ಚಿ ಹೊಲಿಯುತ್ತಾರಾ? ಮುಚ್ಚಿ ಹೊಲಿದರೆ ಉರಿ ಸಾಮಾನ್ಯವಾಗಿ ಕಡಿಮೆ. ಎರಡು, ಅಂಗುಳಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಪ್ಲೇಟ್ ಮಾಡಿಕೊಡುತ್ತಾರಾ? ಅದಕ್ಕೆ ಆಪರೇಷನ್‌ಗೆ ಮುಂಚೆಯೇ ಅಳತೆ ತೆಗೆಯಬೇಕು. ಆ ಪ್ಲೇಟ್ ಇದ್ದಿದ್ದರಿಂದಲೇ ನಾನು ಗಂಜಿ ನುಂಗಿದ್ದು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ತುಟಿ ಎಳೆದು ಕನ್ನಡಿಯಲ್ಲಿ ನೋಡಲೇಬೇಡಿ. ಹೊಸ ತುಂಡಿಗೆ ಕೆಳಗಿನಿಂದ ರಕ್ತನಾಳ ಬೆಳೆದು ಕೂಡಿಕೊಳ್ಳಬೇಕು. ಕಸಿ ಕಟ್ಟಿದ ಗಿಡವನ್ನು ಯಾರೂ ಬಿಚ್ಚಿ ನೋಡಲ್ಲ ಅಲ್ವಾ? ಇದೂ ಹಾಗೇ, ಮೊದಲ ದಿನಗಳಲ್ಲಿ ಅಲುಗಾಡಿದರೆ ಹಿಡಿಯದೇ ಹೋಗಬಹುದು. ಮೊದಲು ಬೆಳ್ಳಗೆ ಕಂಡರೂ ಗಾಬರಿ ಬೇಡ, ಆಮೇಲೆ ಕೆಂಪಾಗುತ್ತೆ.

ವಿರಾಜಪೇಟೆಯಿಂದ:
ಊಟದ ವಿಷಯ ನಾನು ಹೇಳ್ತೀನಿ. ಆರಿದ ಗಂಜಿ, ಮೊಸರನ್ನ, ಕಿವುಚಿದ ಬಾಳೆಹಣ್ಣು, ಮೆತ್ತಗೆ ಬೇಯಿಸಿದ ಮೊಟ್ಟೆ. ಅಕ್ಕಿ ರೊಟ್ಟಿ ಗೀರುತ್ತೆ, ಬೇಡ. ಅಕ್ಕಿ ತರಿಯ ಉಂಡೆ ಕಡುಂಬುಟ್ಟು ಮೆತ್ತಗಿದ್ದರೂ ತರಿ ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ. ಕಾಚಂಪುಳಿಯ ಹುಳಿ, ಕಾಳುಮೆಣಸು ಹಾಕಿದ ಸಾರು ಸ್ವಲ್ಪ ಕಾಲ ಮರೆತುಬಿಡಿ. ಕಾಫಿ ಪೂರ್ತಿ ಆರಿಸಿ ಕುಡಿಯಿರಿ. ಸ್ಟ್ರಾ ಹಾಕಿ ಹೀರಬೇಡಿ, ಹೀರಿದರೆ ರಕ್ತ ಬರಬಹುದು. ಜೋರಾಗಿ ಉಗುಳೋದೂ ಬೇಡ.

ನನಗೆ ರಾತ್ರಿ ಅಂಗುಳಿನಿಂದ ರಕ್ತ ಜಿನುಗಿತು. ಒದ್ದೆ ಗಾಜ್ ಬಟ್ಟೆಯನ್ನು ಇಪ್ಪತ್ತು ನಿಮಿಷ ಒತ್ತಿ ಹಿಡಿದೆ, ನಡುವೆ ತೆಗೆದು ನೋಡಲಿಲ್ಲ, ನಿಂತಿತು. ನಿಲ್ಲದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಮನೆಗೆ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ರಸ್ತೆ ಎರಡನ್ನೂ ನಂಬೋಕಾಗಲ್ಲ. ಊತ ಎರಡು ಮೂರನೇ ದಿನ ಜಾಸ್ತಿ ಕಾಣುತ್ತೆ, ಆಮೇಲೆ ಇಳಿಯುತ್ತೆ. ಐಸ್ ಹೊರಗಿನಿಂದ ಮೊದಲ ದಿನವೇ ಇಡಿ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಇನ್ನೊಬ್ಬರನ್ನು ಕೇಳಬೇಕು ಅನ್ನಿಸಿದರೆ ಇಲ್ಲೇ ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜು ಇದೆ. ವಸಡಿನ ವಿಭಾಗ ಎಲ್ಲಿ ಅಂತ ಕೇಳಿ ಹೋಗಿ. ನಿಮಗೆ ದೂರವೇ, ಆದರೂ ಬರಬಹುದು.

ಪೊನ್ನಂಪೇಟೆಯಿಂದ:
ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ನನ್ನದು ಎರಡೇ ಮಾತು. ಬೇರು ಪೂರ್ತಿ ಮುಚ್ಚುತ್ತೆ ಅಂತ ಮೊದಲೇ ಅಂದುಕೊಳ್ಳಬೇಡಿ. ಕೆಳಗಿನ ಮುಂದಿನ ಹಲ್ಲಿಗೆ ಎಷ್ಟೋ ಸಲ ವಸಡು ದಪ್ಪ ಮಾಡಿ, ಇನ್ನೂ ಇಳಿಯದಂತೆ ತಡೆಯೋದೇ ಉದ್ದೇಶ. ನಿಮ್ಮದರಲ್ಲಿ ಯಾವುದು ಅಂತ ಡಾಕ್ಟರನ್ನೇ ಕೇಳಿ.

ಮತ್ತೆ, ಗ್ರಾಫ್ಟ್ ಹಾಕಿದ ಕಡೆ ಅವರು ಹೇಳುವ ತನಕ ಬ್ರಷ್ ತಾಗಿಸಬೇಡಿ. ಅಲ್ಲಿಯವರೆಗೆ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಡುತ್ತಾರೆ. ಅದರಿಂದ ಹಲ್ಲು ಕಂದು ಬಣ್ಣ ಆಗಬಹುದು, ನಾಲಿಗೆ ರುಚಿ ಕೆಡಬಹುದು. ಆ ಕಲೆ ಆಮೇಲೆ ಕ್ಲೀನ್ ಮಾಡಿಸಿದರೆ ಹೋಗುತ್ತೆ. ಎಲೆ ಅಡಿಕೆ, ತಂಬಾಕು, ಸಿಗರೇಟು ಏನಿದ್ದರೂ ಬಿಡಿ. ಗಟ್ಟಿ ಬ್ರಷ್‌ನಿಂದ ಉಜ್ಜುವ ಅಭ್ಯಾಸ ಇದ್ದರೆ ಹೊಲಿಗೆ ಬಿಚ್ಚಿಸಲು ಹೋಗುವಾಗ ನಿಮ್ಮ ಬ್ರಷ್ಷನ್ನೇ ತಗೊಂಡು ಹೋಗಿ. ಹೇಗೆ ಹಿಡಿಯಬೇಕು, ಯಾವಾಗಿಂದ ಶುರು ಮಾಡಬೇಕು ಅಂತ ಅವರ ಎದುರಿಗೇ ಮಾಡಿ ತೋರಿಸಿ, ತಿದ್ದಿಸಿಕೊಳ್ಳಿ.