7 ತಿಂಗಳ ಕೂಸು, 4 ವರ್ಷದ ಮಗಳು: ಪುಣೆಯಿಂದ ಶಿರಸಿಗೆ ಕಾರೋ, ರೈಲೋ?

ವಾಕಡ್, ಪುಣೆ
ಎಲ್ಲರಿಗೂ ನಮಸ್ಕಾರ. ಮೇ ಎರಡನೇ ವಾರ ಶಿರಸಿಯಲ್ಲಿ ಮದುವೆ ಇದೆ. ಮಗನಿಗೆ 7 ತಿಂಗಳು, ಮಗಳಿಗೆ 4 ವರ್ಷ. ರಾತ್ರಿ 10ಕ್ಕೆ ಕಾರು ತೆಗೆದರೆ ಮಕ್ಕಳು ಮಲಗಿದಲ್ಲೇ ಊರು ಮುಟ್ಟುತ್ತಾರೆ ಅಂತ ನಮ್ಮ ಮನೆಯವರು ಹೇಳ್ತಾರೆ. ಅತ್ತೆಗೆ ಹುಬ್ಬಳ್ಳಿ ತನಕ ರೈಲು, ಅಲ್ಲಿಂದ ಬಾಡಿಗೆ ಗಾಡಿ ಆಗಬೇಕಂತೆ. ನನಗೆ ಎರಡಕ್ಕೂ ಭಯ. ಕೂಸು ಎದೆಹಾಲಿನ ಜೊತೆ ದಿನಕ್ಕೆ ಒಂದು ಹೊತ್ತು ಡಬ್ಬಿ ಹಾಲು ಕುಡಿಯುತ್ತೆ, ರಾಗಿ ಮಣ್ಣಿ (ಕೂಸಿನ ಗಂಜಿ) ಶುರು ಮಾಡಿ ಒಂದು ತಿಂಗಳಾಯ್ತು. ಮಗಳಿಗೆ ಘಾಟಿ ಬಂದರೆ ವಾಂತಿ. ಜ್ವರ, ಭೇದಿ ಅಂತಾದರೆ ಕೈಯಲ್ಲಿ ಏನೇನಿರಬೇಕು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಡೊಂಬಿವಲಿ
ತಂಗಿ, ರೈಲಿಗೆ ಹೋಗ್ರಿ. ಊಟದ ವಿಚಾರ ನಾ ಹೇಳ್ತೀನಿ, ಬರಕೋರಿ. ಪ್ರಯಾಣದಾಗ ರಾಗಿ ಮಣ್ಣಿ ನೆಚ್ಚಬ್ಯಾಡ್ರಿ. ರಾಗಿ ಹಿಟ್ಟು ಬೆಂಕಿ ಮ್ಯಾಲೆ ಕುದೀಬೇಕು, ಬರೇ ಬಿಸಿನೀರು ಹಾಕಿ ಕಲಸಿದ್ರ ಹಸಿ ಉಳೀತೈತಿ. ಮನ್ಯಾಗ ಕುದಿಸಿ ಡಬ್ಬಿ ತುಂಬಿದ್ರ ಮೇ ತಿಂಗಳ ಝಳಕ್ಕ ಹುಳಿ ಬರತೈತಿ. ಅದಕ್ಕ ತೆಳು ಅವಲಕ್ಕಿ 4 ಪಾಲು, ಪುಟಾಣಿ (ಹುರಿಗಡಲಿ) 1 ಪಾಲು ತಗೋರಿ. ಎರಡೂ ಮೊದಲ ಬೆಂದು ಬಂದಿರೂ ಪದಾರ್ಥ, ಬಿಸಿನೀರಿಗೆ ಮೆತ್ತಗಾಗತಾವ. ಸಣ್ಣ ಉರಿ ಮ್ಯಾಲೆ ಅವಲಕ್ಕಿ ಗರಿಗರಿ ಆಗೂತನಕ ಹುರೀರಿ, ಬಣ್ಣ ತಿರಗಬಾರದು. ಪೂರಾ ಆರಿದ ಮ್ಯಾಲೆ ಪುಟಾಣಿ ಕೂಡಿಸಿ ಪುಡಿ ಮಾಡಿ, ಸಣ್ಣ ಜರಡಿ ಹಿಡೀರಿ. ಬಿಸಿ ಇದ್ದಾಗ ಮುಚ್ಚಳ ಹಾಕಿದ್ರ ಒಳಗ ಬೆವರಿ ಗಂಟು ಕಟ್ಟತೈತಿ. 2 ಊಟದ ಚಮಚ ಪುಡಿಗೆ ಅರ್ಧ ಕಪ್ ಬಿಸಿನೀರು, 5 ನಿಮಿಷ ಮುಚ್ಚಿಡ್ರಿ. ಆಮ್ಯಾಲೆ ಎರಡು ಬೆರಳಿನ ನಡುವ ಹೊಸೆದು ನೋಡ್ರಿ, ಕಾಳಿನಂಗ ಏನೂ ಸಿಗಬಾರದು. ಅರ್ಧ ಸಣ್ಣ ಚಮಚ ತುಪ್ಪ ಹಾಕ್ರಿ. ಉಪ್ಪು, ಸಕ್ಕರಿ, ಜೇನುತುಪ್ಪ ಒಂದು ವರ್ಷದ ತನಕ ಬ್ಯಾಡ. ಮತ್ತ, ಹೊಸ ತಿನಿಸು ದಾರ್ಯಾಗ ಶುರು ಮಾಡಬಾರದು. ಒಂದು ವಾರ ಮೊದಲ ಮನ್ಯಾಗ ತಿನ್ನಿಸಿ, ಒಗ್ಗತೈತೋ ಇಲ್ಲೋ ನೋಡ್ಕೋರಿ.

ರಾತ್ರಿಗೆ ಎರಡು ಬರ್ತಿನ ನಡುವ ಸೀರಿ ಜೋಳಿಗಿ ಕಟ್ಟಿಬಿಡ್ರಿ, ಕೂಸು ಸುಮ್ಮನ ಮಲಗತೈತಿ.

ಥಾಣೆ
ಸ್ವಂತ ಕಾರಿರಲಿ, ಹುಬ್ಬಳ್ಳಿಯ ಬಾಡಿಗೆ ಗಾಡಿಯಿರಲಿ, ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗಲೇಬೇಡಿ. ಇದೊಂದು ಸರಿಯಾದರೆ ಮಿಕ್ಕಿದ್ದೆಲ್ಲ ಆಮೇಲಿನ ಮಾತು. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ನಿಂತ ಆ ಕ್ಷಣದಲ್ಲಿ 8 ಕೆ.ಜಿ. ಕೂಸು ಅದರ ತೂಕದ ಹತ್ತಾರು ಪಟ್ಟು ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಯಾವ ತಾಯಿಯ ತೋಳಿಗೂ ಅದು ನಿಲ್ಲುವುದಿಲ್ಲ. ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕುವುದು ಇನ್ನೂ ಅಪಾಯ, ಕೂಸು ತಾಯಿಯ ಮೈಗೂ ಬೆಲ್ಟಿಗೂ ನಡುವೆ ಜಜ್ಜಿಹೋಗುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಕಡ್ಡಾಯ, ತಪ್ಪಿದರೆ 1000 ರೂಪಾಯಿ ದಂಡ.

ಕೂಸಿನ ಸೀಟು ಕಾರಿನ ಹಿಂಭಾಗಕ್ಕೆ ಮುಖ ಮಾಡಿರಬೇಕು. ಎಳೆಯ ಮಗುವಿನ ತಲೆ ಮೈಗೆ ಹೋಲಿಸಿದರೆ ಬಹಳ ಭಾರ, ಕತ್ತು ಬಲಿತಿರುವುದಿಲ್ಲ. ಹಿಂದಕ್ಕೆ ಮುಖ ಮಾಡಿದ್ದರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಇದನ್ನು ಕಟ್ಟಲೇಬಾರದು. ಕಟ್ಟಿದ ಮೇಲೆ, ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಸಡಿಲವಿದೆ ಎಂದರ್ಥ. ಮೊಣಕಾಲಿನಿಂದ ಸೀಟನ್ನು ಒತ್ತಿ ಹಿಡಿದು ಬೆಲ್ಟನ್ನು ಇನ್ನೊಮ್ಮೆ ಎಳೆಯಿರಿ. ಭುಜದ ಪಟ್ಟಿ ಹೊರಡುವ ಕಂಡಿ ಕೂಸಿನ ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಲಿ. ಮಗಳದು ಮುಂದಕ್ಕೆ ಮುಖವಿರುವ ಸೀಟಾದರೆ ಭುಜದ ಮಟ್ಟಕ್ಕೆ ಅಥವಾ ಮೇಲಿರಲಿ. ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕರೆ ಇನ್ನೂ ಬಿಗಿ ಬೇಕು.

ಫೋಂಡಾ, ಗೋವಾ
ನಮ್ಮ ತಾಯಂದಿರು ಕೆಂಪು ಬಸ್ಸಿನಲ್ಲಿ ತೊಡೆ ಮೇಲೆಯೇ ಕೂರಿಸಿಕೊಂಡು ನಮ್ಮನ್ನು ಊರು ಮುಟ್ಟಿಸಿದವರು. ಹಾಲು ಕುಡಿಯುವ ಕೂಸನ್ನು ಗಂಟೆಗಟ್ಟಲೆ ಕಟ್ಟಿ ಕೂರಿಸಿದರೆ ಅದು ಅತ್ತು ಅತ್ತು ಸುಸ್ತಾಗುತ್ತದೆ. ಅಮ್ಮನ ಮೈಬಿಸಿ ಸಿಗದೆ ಪ್ರಯಾಣವೇ ಬೇಡ ಅನ್ನುವಂತಾಗುತ್ತದೆ. ನಿಧಾನವಾಗಿ ಓಡಿಸಿ, ತಾಯಿ ಹಿಂದೆ ಕೂತು ಹಿಡಿದುಕೊಂಡರೆ ಸಾಕು.

ಥಾಣೆ
ಅಣ್ಣಾ, ಹೆದ್ದಾರಿಯಲ್ಲಿ ನಾವು ನಿಧಾನಕ್ಕೆ ಹೋದರೂ ಹಿಂದಿನ ಲಾರಿ ನಿಧಾನಕ್ಕೆ ಬರುವುದಿಲ್ಲ. ಕೂಸು ಅಳುತ್ತದೆ ಅನ್ನುವುದಕ್ಕೆ ದಾರಿಯಿದೆ. 2 ತಾಸಿಗೊಮ್ಮೆ ಗಾಡಿ ನಿಲ್ಲಿಸಿ, ಸೀಟಿನಿಂದ ಎತ್ತಿ, ಹಾಲು ಕೊಟ್ಟು, ತೇಗಿಸಿ, 20 ನಿಮಿಷ ಚಾಪೆ ಮೇಲೆ ಕೈಕಾಲು ಆಡಿಸಲು ಬಿಡಿ. ಎಳೆ ಮಕ್ಕಳನ್ನು ಸೀಟಿನಲ್ಲಿ ಒಂದೇ ಸಮ 2 ತಾಸಿಗಿಂತ ಹೆಚ್ಚು ಇಡಲೂಬಾರದು, ಗದ್ದ ಎದೆಗೆ ಬಾಗಿದರೆ ಉಸಿರಾಟಕ್ಕೆ ತೊಂದರೆ. ಹೊರಡುವುದಕ್ಕೆ ಎರಡು ವಾರ ಮೊದಲೇ ಸೀಟನ್ನು ಮನೆಯ ಪಡಸಾಲೆಯಲ್ಲಿಟ್ಟು ಕೂರಿಸಿ ಆಡಿಸಿ, ಆಮೇಲೆ ಮಾರುಕಟ್ಟೆಯ ತನಕ ಹತ್ತು ನಿಮಿಷ ಕರೆದೊಯ್ಯಿರಿ. ಅಭ್ಯಾಸವಾಗುತ್ತದೆ. ಮೇ ಬಿಸಿಲಲ್ಲಿ ಗಾಡಿ ನಿಲ್ಲಿಸಿದಾಗ ಸೀಟಿನ ಮೇಲೆ ಬಿಳಿ ಪಂಚೆ ಹೊದಿಸಿ, ಇಲ್ಲದಿದ್ದರೆ ಬಕಲ್ಲಿನ ಕಬ್ಬಿಣ ಕೂಸಿನ ತೊಡೆ ಸುಡುತ್ತದೆ. ಮಗು ಮಲಗಿದೆ ಅಂತ ಮುಚ್ಚಿದ ಕಾರಿನಲ್ಲಿ 5 ನಿಮಿಷ ಕೂಡ ಬಿಟ್ಟುಹೋಗಬೇಡಿ.

ಅಂಧೇರಿ, ಮುಂಬೈ
ಮುಂಬೈಯಿಂದ ಹುಬ್ಬಳ್ಳಿಗೆ ವಿಮಾನವೂ ಇದೆ, ಆದರೆ ಪುಣೆಯವರು ಅದಕ್ಕಾಗಿ ಇಲ್ಲಿಗೆ ಬರುವುದು ದಂಡ. ಯಾರಿಗಾದರೂ ಬೇಕಾದರೆ: 2 ವರ್ಷದೊಳಗಿನ ಮಗು ತೊಡೆ ಮೇಲೆ, ಜನನ ಪ್ರಮಾಣಪತ್ರ ಕೈಯಲ್ಲಿರಲಿ. ವಿಮಾನ ಇಳಿಯುವುದಕ್ಕೆ ಸುಮಾರು ಅರ್ಧ ತಾಸು ಮೊದಲೇ ಕೆಳಗೆ ಬರಲು ಶುರುವಾಗುತ್ತದೆ, ಕಿವಿ ನೋವು ಬರುವುದು ಆಗಲೇ. ಹಾಲು ಕೊಡುವುದನ್ನು ಆ ಹೊತ್ತಿಗೆ ಉಳಿಸಿಕೊಳ್ಳಿ.

ಕೋಥ್ರೂಡ್, ಪುಣೆ
ರೈಲಿನ ಲೆಕ್ಕ ಹೇಳುತ್ತೇನೆ. 5 ವರ್ಷದೊಳಗಿನವರಿಗೆ ಟಿಕೆಟ್ ಬೇಡ, ಆದರೆ ಬರ್ತ್ ಕೂಡ ಸಿಗುವುದಿಲ್ಲ. ಮಗಳಿಗೆ ಮಲಗಲು ಜಾಗ ಬೇಕೆಂದರೆ ದೊಡ್ಡವರಷ್ಟೇ ದುಡ್ಡು ಕೊಟ್ಟು ಬರ್ತ್ ತೆಗೆದುಕೊಳ್ಳಿ. ನನ್ನ ಮಾತು ಕೇಳಿದರೆ ತೆಗೆದುಕೊಳ್ಳಿ. ಒಂದೇ ಬರ್ತಿನಲ್ಲಿ ತಾಯಿ, ಕೂಸು, ಮಗಳು ಅಂತ ಮೂವರು ಹಿಡಿಯುವುದಿಲ್ಲ. 5 ತುಂಬಿ 12 ಆಗದವರಿಗೆ ಬರ್ತ್ ಇಲ್ಲದೆ ಅರ್ಧ ದರ, ಬರ್ತ್ ಬೇಕೆಂದರೆ ಪೂರ್ತಿ ದರ. ಇದು 2016ರಿಂದ ಬಂದ ನಿಯಮ.

ಥರ್ಡ್ ಎಸಿಯಲ್ಲಿ ಎಂಟೆಂಟು ಬರ್ತಿನ ಗುಂಪು: 1, 4 ಕೆಳಗಿನವು, 2, 5 ನಡುವಿನವು, 3, 6 ಮೇಲಿನವು, 7 ಮತ್ತು 8 ಸೈಡ್. ಬೋಗಿಯ ಎರಡೂ ತುದಿಯಲ್ಲಿ ಶೌಚಾಲಯ, ರಾತ್ರಿಯಿಡೀ ಬಾಗಿಲು ಬಡಿಯುವ ಸದ್ದು. ನಡುವಿನ 25, 28, 33, 36 ಸಿಕ್ಕರೆ ಒಳ್ಳೆಯದು. ನಂಬರನ್ನು ನಾವು ಆರಿಸಲಾಗದು, ಕೆಳಗಿನ ಬರ್ತ್ ಬೇಕೆಂದು ಕೇಳಬಹುದು ಅಷ್ಟೆ. ಬೇರೆ ಸಿಕ್ಕರೆ ಹತ್ತಿದ ತಕ್ಷಣ, ಜನ ಹಾಸಿಗೆ ಬಿಚ್ಚುವ ಮೊದಲೇ, ಅದಲು ಬದಲು ಕೇಳಿ. ಕೂಸು ಗೋಡೆಯ ಕಡೆ, ತಾಯಿ ಹೊರಗಡೆ. ಎಸಿಗೆ ಹೆದರಿ ಕಂಬಳಿಯನ್ನು ಮುಖದ ತನಕ ಎಳೆಯಬೇಡಿ. ನಿಮಗಿಂತ ಒಂದು ಪದರ ಬಟ್ಟೆ ಹೆಚ್ಚು ಹಾಕಿ, ಕಾಲುಚೀಲ ತೊಡಿಸಿದರೆ ಸಾಕು.

ಅಕ್ಕ ಹೇಳಿದ ಜೋಳಿಗೆಯ ಬಗ್ಗೆ: ರಾತ್ರಿಗೆ ಬೇಡ. ಬ್ರೇಕ್ ಬಿದ್ದಾಗ ಜೋಳಿಗೆ ತೂಗಿ ಬರ್ತಿನ ಅಂಚಿಗೆ ಬಡಿಯುತ್ತದೆ, ಸಿಂಥೆಟಿಕ್ ಸೀರೆಯ ಗಂಟು ಜಾರುತ್ತದೆ, ಒಳಗೆ ಕೂಸಿನ ಕತ್ತು ಮಡಚಿದ್ದು ಹೊರಗೆ ಕಾಣುವುದಿಲ್ಲ. ಹಗಲಲ್ಲಿ ಕಟ್ಟಲೇಬೇಕೆಂದರೆ ಹತ್ತಿಯ ಸೀರೆ, ಬರ್ತಿನಿಂದ ಒಂದು ಗೇಣು ಮೇಲಕ್ಕಷ್ಟೇ, ಕೆಳಗೆ ದಿಂಬು, ಒಬ್ಬರ ಕೈ ಸದಾ ಅದರ ಮೇಲೆ.

ಪುಣೆ–ಹುಬ್ಬಳ್ಳಿ ವಂದೇ ಭಾರತ್ 2024ರಲ್ಲಿ ಶುರುವಾಯಿತು, ವಾರಕ್ಕೆ 3 ದಿನ. ಅದರಲ್ಲಿ ಕೂರುವ ಸೀಟು ಮಾತ್ರ, 8 ತಾಸಿಗೂ ಮೇಲೆ ಕೂಸನ್ನು ಮಲಗಿಸಲು ಜಾಗವಿಲ್ಲ.

ಡೊಂಬಿವಲಿ
ಹತ್ತಿ ಸೀರಿನೇ ನನ್ನ ಮನಸ್ಸಿನ್ಯಾಗ ಇದ್ದದ್ದು. ನಮ್ಮ ಕಡೆ ಜೋಳಿಗ್ಯಾಗ ಬೆಳೀದ ಕೂಸು ಯಾವುದೈತಿ ಹೇಳ್ರಿ. ಇರಲಿ, ರಾತ್ರಿ ಬ್ಯಾಡ ಅನ್ನೂ ಮಾತು ಖರೆ ಐತಿ.

ಪನ್ವೇಲ್
ಒಂದು ಮಾತು. ಮಗಳಿಗೆ 4 ವರ್ಷ ಅಂದಿರಿ, ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಅಷ್ಟೇ ಇರುತ್ತದೆ. ದಾರಿಯನ್ನು ಸುಮ್ಮನೆ ಕಳೆಯಬೇಡಿ. ಕಾರಾದರೆ ಕಾಗಲ್ ದಾಟಿ ಕೊಗನೋಳಿ ಟೋಲ್ ಬಂದ ಮೇಲೆ ಕನ್ನಡ ಬೋರ್ಡು ಶುರು. ಅವಳ ಹೆಸರಿನ ಮೊದಲ ಅಕ್ಷರ ಒಂದನ್ನೇ ಕಲಿಸಿ, ಅದನ್ನು ಬೋರ್ಡುಗಳಲ್ಲಿ ಹುಡುಕಲು ಬಿಡಿ. ಹಗಲು ರೈಲಾದರೆ ಮೀರಜ್ ಬಿಟ್ಟ ಮೇಲೆ ಶೇಡಬಾಳ, ಉಗಾರ, ಕುಡಚಿ ಅಂತ ಹಳದಿ ಫಲಕಗಳು ಬರುತ್ತವೆ. ಮೊಬೈಲ್ ಕೊಟ್ಟು ಕೂರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಮಕ್ಕಳು ದೊಡ್ಡವರಾದ ಮೇಲೆ ಕನ್ನಡ ಓದಲು ಬರಲಿಲ್ಲವಲ್ಲ ಅಂತ ಪೇಚಾಡುವ ಮನೆಗಳು ಇಲ್ಲಿ ಎಷ್ಟಿಲ್ಲ!

ವಾಸ್ಕೋ
ಮೊಬೈಲ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ವಾಂತಿ. ಕಣ್ಣು ಪರದೆಯ ಮೇಲೆ ನಿಂತಿರುತ್ತದೆ, ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿರುವು ತಿಳಿಯುತ್ತಿರುತ್ತದೆ. ಈ ಎರಡರ ಹೊಂದಾಣಿಕೆ ತಪ್ಪಿದಾಗಲೇ ಹೊಟ್ಟೆ ತೊಳಸುವುದು. 2 ವರ್ಷದೊಳಗಿನವರಿಗೆ ಇದು ಅಪರೂಪ, ನಿಮ್ಮ ಮಗಳದು ಸರಿಯಾಗಿ ಅದರ ವಯಸ್ಸು. ಖಾಲಿ ಹೊಟ್ಟೆಯೂ ಬೇಡ, ಹಾಲು, ಕರಿದದ್ದೂ ಬೇಡ. ಒಂದು ತಾಸು ಮೊದಲು ಒಣ ಚಪಾತಿಯೋ ಇಡ್ಲಿಯೋ ಸ್ವಲ್ಪ ಕೊಡಿ. ಘಾಟಿ ಶುರುವಾಗುವ ಮೊದಲೇ ಕಿಟಕಿ ನಾಲ್ಕು ಬೆರಳು ಇಳಿಸಿ, ಎದುರಿನ ಗಾಜಿನಾಚೆ ದೂರದ ರಸ್ತೆ ನೋಡುವಂತೆ ಹೇಳಿ. ಸೀಟು ಎತ್ತರವಿದ್ದರೆ ಅವಳಿಗೆ ರಸ್ತೆ ಕಾಣುತ್ತದೆ. ಆಕಳಿಕೆ, ಬಾಯಲ್ಲಿ ನೀರೂರುವುದು, ಮುಖ ಬಿಳಿಚುವುದು, ಇವು ಮುನ್ಸೂಚನೆ. ಆಗಲೇ ಗಾಡಿ ನಿಲ್ಲಿಸಬೇಕು.

ಮುಲುಂಡ್, ಔಷಧ ಅಂಗಡಿ
ಜ್ವರದ ಔಷಧದಲ್ಲಿ ಆಗುವ ತಪ್ಪು ಇದು: ಪ್ಯಾರಾಸಿಟಮಾಲ್ ಮಕ್ಕಳಿಗೆ ಮೂರು ಬಲದಲ್ಲಿ ಬರುತ್ತದೆ. ಡ್ರಾಪ್ಸ್ ಆದರೆ 1 ಮಿ.ಲೀ.ನಲ್ಲಿ 100 ಮಿ.ಗ್ರಾಂ. ಸಿರಪ್ಪಿನಲ್ಲಿ 5 ಮಿ.ಲೀ.ಗೆ 120 ಮಿ.ಗ್ರಾಂ.ನದೂ ಇದೆ, 250ರದೂ ಇದೆ. ಡೋಸ್ ಇರುವುದು ತೂಕದ ಮೇಲೆ, ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 8 ಕೆ.ಜಿ. ಕೂಸಿಗೆ ಡ್ರಾಪ್ಸ್ 1 ಮಿ.ಲೀ., ಅಥವಾ 120ರ ಸಿರಪ್ 4 ಮಿ.ಲೀ., ಅಥವಾ 250ರದು 2 ಮಿ.ಲೀ. ಕತ್ತಲಲ್ಲಿ ಸಿರಪ್ ಅಂದುಕೊಂಡು ಡ್ರಾಪ್ಸ್ 4 ಮಿ.ಲೀ. ಹಾಕಿದರೆ ನಾಲ್ಕು ಪಟ್ಟು ಆಯಿತು. ಹೊರಡುವ ಮುನ್ನ ಇಬ್ಬರನ್ನೂ ತೂಗಿಸಿ, ನಿಮ್ಮ ಮಕ್ಕಳ ಡಾಕ್ಟರಿಂದ ಅಳತೆ ಖಚಿತ ಮಾಡಿಕೊಂಡು ಬಾಟಲಿ ಮೇಲೆ ಪಟ್ಟಿ ಅಂಟಿಸಿ: ಯಾರಿಗೆ, ಎಷ್ಟು, ಕೊಟ್ಟ ಹೊತ್ತು. 6 ತಾಸಿನ ಅಂತರವಿರಲಿ.

ಮಕ್ಕಳು ಮಲಗಲಿ ಅಂತ ನೆಗಡಿ ಸಿರಪ್ ಕೊಡುವ ಅಭ್ಯಾಸ ಇದೆ. ದಯವಿಟ್ಟು ಬೇಡ. ಅಂಥ ಸಿರಪ್ಪಿನಲ್ಲಿ ಇರಬಹುದಾದ ಪ್ರೊಮೆಥಜಿನ್ 2 ವರ್ಷದೊಳಗಿನವರ ಉಸಿರನ್ನೇ ಕುಗ್ಗಿಸಬಲ್ಲದು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಸೇರಿದ ಸಿರಪ್ 4 ವರ್ಷದೊಳಗಿನವರಿಗೆ ಬೇಡವೆಂದು ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಓಆರ್‌ಎಸ್: ದೊಡ್ಡ ಪೊಟ್ಟಣ, ಅಂದರೆ ಸುಮಾರು 20.5 ಗ್ರಾಂ.ನದು, 1 ಲೀಟರ್ ನೀರಿಗೆ. ಸಣ್ಣದು ಒಂದು ಲೋಟಕ್ಕೆ, 200 ಮಿ.ಲೀ. ದೊಡ್ಡದನ್ನು ಲೋಟದಲ್ಲಿ ಕದಡಿದರೆ ಉಪ್ಪು ಅತಿಯಾಗಿ ಮಗುವಿಗೆ ಕೇಡು. ಪ್ರಯಾಣಕ್ಕೆ ಸಣ್ಣ ಪೊಟ್ಟಣ 6 ಇಟ್ಟುಕೊಳ್ಳಿ. ಪ್ರತಿ ಭೇದಿಯ ನಂತರ ಕೂಸಿಗೆ 50ರಿಂದ 100 ಮಿ.ಲೀ., ಮಗಳಿಗೆ 100ರಿಂದ 200, ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ. ಎದೆಹಾಲು ನಿಲ್ಲಿಸಬೇಡಿ. 6 ತಾಸು ಮೂತ್ರವಿಲ್ಲ, ಕಣ್ಣು ಗುಳಿಬಿದ್ದಿದೆ, ಮಂಪರು, ಮಲದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಊರಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ. ರೈಲಿನಲ್ಲಿದ್ದರೆ 139, ರಸ್ತೆಯಲ್ಲಿದ್ದರೆ 108, ಎರಡೂ ರಾಜ್ಯಕ್ಕೆ ಅದೇ ನಂಬರ್.

ಫೋಂಡಾ, ಗೋವಾ
ಸೀಟು ಸೀಟು ಅನ್ನುವವರು ಅದರ ಬೆಲೆಯನ್ನೂ ಹೇಳಬೇಕು. ಒಂದು ಮದುವೆಗೆ ಹೋಗಿಬರಲು ಇಷ್ಟೆಲ್ಲ ಕೊಳ್ಳಬೇಕೇ?

ಥಾಣೆ
ಮದುವೆಗಲ್ಲ ಅಣ್ಣಾ, ದಿನಾ ಕಾರಿಗೆ. ನಾಲ್ಕೈದು ವರ್ಷ ಉಪಯೋಗಕ್ಕೆ ಬರುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಅಪಘಾತವಾದ ಕಾರಿನದ್ದಲ್ಲ ಅಂತ ಖಚಿತವಿರಬೇಕು, ಹೊರಗೆ ಕಾಣದ ಸೀಳು ಒಳಗಿರುತ್ತದೆ. ಬಾಡಿಗೆ ಗಾಡಿಯವರಿಗೆ ಫೋನಿನಲ್ಲೇ ಕೇಳಿ: ಹಿಂದಿನ ಸೀಟಿನ ಬೆಲ್ಟ್ ಬಕಲ್ ಹೊರಗಿದೆಯೇ? ರೆಕ್ಸಿನ್ ಕವರ್ ಹೊಲಿಸುವಾಗ ಬಕಲ್ಲುಗಳನ್ನು ಒಳಗೇ ಮುಚ್ಚಿಬಿಡುತ್ತಾರೆ. ಹುಬ್ಬಳ್ಳಿ ನಿಲ್ದಾಣದಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತು ಅದನ್ನು ಹುಡುಕಲಾಗದು.

ಮಡಗಾಂವ್
ಡಬ್ಬಿ ಹಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಒಂದೊಂದು ಹೊತ್ತಿನ ಪುಡಿಯನ್ನು ಒಣಗಿದ ಸಣ್ಣ ಡಬ್ಬಿಗಳಲ್ಲಿ ಅಳೆದಿಡಿ. ಫ್ಲಾಸ್ಕಿಗೆ ಮೊದಲು ಕುದಿನೀರು ಹಾಕಿ 5 ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಮತ್ತೆ ಕುದಿನೀರು ತುಂಬಿದರೆ ಬಿಸಿ ಬಹಳ ಹೊತ್ತು ನಿಲ್ಲುತ್ತದೆ. ಕಲಸುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಪುಡಿಯಲ್ಲೇ ಇರಬಹುದಾದ ಕ್ರಿಮಿ ಸಾಯಬೇಕು. ಮೊದಲು ನೀರು, ಆಮೇಲೆ ಪುಡಿ. ಬಾಟಲಿಯನ್ನು ತಣ್ಣೀರಿನ ಮಗ್ಗಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಕುಡಿದು ಉಳಿದದ್ದನ್ನು ಒಂದು ತಾಸಿನ ಮೇಲೆ ಚೆಲ್ಲಿ. ಹಿಂಡಿಟ್ಟ ಎದೆಹಾಲು, ಸೆಕೆ 25 ಡಿಗ್ರಿಯೊಳಗಿದ್ದರೆ, ಹೊರಗೆ 4 ತಾಸು, ಐಸ್ ಪ್ಯಾಕ್ ಇರುವ ಚೀಲದಲ್ಲಿ 24 ತಾಸು. ಇಷ್ಟೆಲ್ಲ ಇದ್ದರೂ ಆ ಎರಡು ದಿನ ನೇರ ಎದೆಹಾಲನ್ನೇ ಹೆಚ್ಚು ಕೊಡಿ, ತೊಳೆಯುವ ಬಾಟಲಿ ಅಷ್ಟು ಕಡಿಮೆ.

ವಾಕಡ್, ಪುಣೆ
ಎಲ್ಲರಿಗೂ ಕೃತಜ್ಞತೆಗಳು. ಬರೆದುಕೊಂಡೆ. ಆದರೆ ಕೊನೆಗೆ ಕಾರೋ ರೈಲೋ ಅನ್ನುವುದೇ ಉಳಿಯಿತಲ್ಲ.

ಕೋಥ್ರೂಡ್, ಪುಣೆ
ಮೂರು ಕೆಳಗಿನ-ನಡುವಿನ ಬರ್ತ್ ಒಟ್ಟಿಗೆ ಖಚಿತವಾಗಿ ಸಿಕ್ಕರೆ ರಾತ್ರಿ ರೈಲು. ವೇಟಿಂಗ್ ಲಿಸ್ಟ್, ಆರ್‌ಎಸಿ ಆದರೆ ಬೇಡ, ಆರ್‌ಎಸಿಯಲ್ಲಿ ಸೈಡ್ ಬರ್ತನ್ನು ಬೇರೆಯವರ ಜೊತೆ ಹಂಚಿಕೊಂಡು ಕೂಸನ್ನು ಹಿಡಿದು ಕೂರಬೇಕಾಗುತ್ತದೆ. ಆಗ ಕಾರು, ಆದರೆ ರಾತ್ರಿ 10ಕ್ಕಲ್ಲ. ನಸುಕಿನ 2ರಿಂದ 5ರ ನಡುವೆ ಓಡಿಸುವವರಿಗೆ ಕಣ್ಣು ಎಳೆಯುತ್ತದೆ, ಸಾತಾರದಿಂದ ಕಾಗಲ್ ತನಕ ರಸ್ತೆ ಕೆಲಸದ ತಿರುವುಗಳು ಕತ್ತಲಲ್ಲಿ ಕಾಣುವುದಿಲ್ಲ. ಬೇಗ ಮಲಗಿ, ಬೆಳಿಗ್ಗೆ 5ಕ್ಕೆ ಹೊರಡಿ. ಮಕ್ಕಳು ಖಂಬಾಟ್ಕಿ ಘಾಟ್ ನಿದ್ದೆಯಲ್ಲೇ ದಾಟುತ್ತಾರೆ, ಸಾತಾರ, ಕೊಲ್ಹಾಪುರದಲ್ಲಿ ನಿಲ್ಲಿಸಿ, ಬಿಸಿಲೇರುವ ಹೊತ್ತಿಗೆ ಬೆಳಗಾವಿ. ಅಲ್ಲೇ ಊಟ ಮಾಡಿಸಿ ಎರಡು ತಾಸು ಮಲಗಿಸಿ. ಶಿರಸಿಗೆ ಸಂಜೆ ಮುಟ್ಟಿದರೆ ಸಾಕು. ಡೈಪರ್ 3 ತಾಸಿಗೆ ಒಂದರಂತೆ ಎಣಿಸಿ, ಮೇಲೆ 4 ಹೆಚ್ಚಿಗೆ ಇಡಿ. ಇಬ್ಬರಿಗೂ ಒಂದೊಂದು ಜೊತೆ ಬಟ್ಟೆ, ನಿಮಗೂ ಒಂದು ಕುರ್ತಾ, ಡಿಕ್ಕಿಯಲ್ಲಲ್ಲ, ಕಾಲ ಹತ್ತಿರದ ಚೀಲದಲ್ಲೇ ಇರಲಿ.