ಗಿಟಾರ್ ತಂತಿಯ ಮಾತಿಗೆ ಕನ್ನಡ: ‘ಬಿಗಿ’ ಬೇರೆ, ‘ಬಿರುಸು’ ಬೇರೆ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಉಡುಪಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಸುತ್ತೇನೆ. ತಂತಿ ಕೊಳ್ಳುವಾಗ ಏನನ್ನು ನೋಡಬೇಕು ಎಂದು ನಾಲ್ಕು ಪುಟದ ಕನ್ನಡ ಟಿಪ್ಪಣಿಯೊಂದನ್ನು ಬರೆದು ಕಳೆದ ವರ್ಷ ವಿದ್ಯಾರ್ಥಿಗಳಿಗೆ ಹಂಚಿದ್ದೆ. ಅದರಲ್ಲಿ ನಾನು ಬಳಸಿದ ಒಂದು ಪದದಿಂದಾಗಿ ಒಬ್ಬ ಹುಡುಗನ ದುಡ್ಡು ದಂಡವಾಯಿತು. ಈಗ ಟಿಪ್ಪಣಿಯನ್ನು ತಿದ್ದುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮೆಲ್ಲರನ್ನು ಕೇಳದೆ ಮುಂದುವರಿಯಲು ಮನಸ್ಸಿಲ್ಲ.

ಆದದ್ದು ಇಷ್ಟು. ಹೊಸ ತಂತಿಯ ತುಂಬಿದ, ಮೊಳಗುವ ದನಿಗೆ ನಾನು ‘ಕಂಚಿನ ನಾದ’ ಎಂದು ಬರೆದಿದ್ದೆ. ‘ಕಂಚಿನ ಕಂಠ’ ನಮ್ಮಲ್ಲಿ ದೊಡ್ಡ ಮೆಚ್ಚುಗೆ. ಆ ಮಾತನ್ನು ಕೇಳಿಕೊಂಡೇ ಬೆಳೆದವನು ನಾನು. ಹುಡುಗ ಅದನ್ನು ಇದ್ದ ಹಾಗೆಯೇ ಓದಿಕೊಂಡು ಅಂಗಡಿಗೆ ಹೋಗಿ ಕಂಚು ಸುತ್ತಿದ ತಂತಿಗಳನ್ನೇ ತಂದ. ಅವು ಅಕೂಸ್ಟಿಕ್ ಗಿಟಾರಿನವು. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ಸರಿಗೆ ಸುತ್ತಿದ ಸುರುಳಿ. ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹ ಅದರ ಮೇಲೆ ಅಲುಗಿದರೆ ಮಾತ್ರ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಉಕ್ಕು ಮತ್ತು ನಿಕಲ್ ಸ್ಪಂದಿಸುತ್ತವೆ, ಕಂಚು ಸ್ಪಂದಿಸುವುದಿಲ್ಲ. ಹಾಗಾಗಿ ಮೇಲಿನ ಸ್ಥಾಯಿಯ ಎರಡು ಉಕ್ಕಿನ ತಂತಿಗಳು ಗಟ್ಟಿಯಾಗಿ ನುಡಿದವು. ಉಳಿದ ನಾಲ್ಕರಲ್ಲಿ ಒಳಗಿನ ಉಕ್ಕಿನ ಎಳೆಯಷ್ಟೇ ಕೇಳಿಸಿ, ಪಕ್ಕದ ಕೋಣೆಯಿಂದ ಬಂದಂತಿತ್ತು. ಹುಡುಗನ ತಪ್ಪು ಏನೂ ಇರಲಿಲ್ಲ.

ಇದಾದ ಮೇಲೆ ನಾದದ ಪದಗಳನ್ನೆಲ್ಲ ಮತ್ತೆ ತೂಗಿ ನೋಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ನಾದವನ್ನು ಕಾವು ಮತ್ತು ಬೆಳಕಿನ ಮಾತುಗಳಲ್ಲಿ ಹೇಳುವ ರೂಢಿಯಿದೆ. ಅದನ್ನೇ ತಂದು ‘ಬೆಚ್ಚಗಿನ ನಾದ’, ‘ಪ್ರಕಾಶಮಾನವಾದ ನಾದ’ ಎಂದರೆ ಓದುವವನಿಗೆ ಏನೂ ಕೇಳಿಸುವುದಿಲ್ಲ. ಕನ್ನಡದ ಕಿವಿ ನಾದವನ್ನು ಮುಟ್ಟಿ ನೋಡುತ್ತದೆ ಎಂದು ನನಗೆ ಅನ್ನಿಸುತ್ತದೆ: ಚೂಪು ದನಿ, ಒರಟು ದನಿ, ಗಡಸು ದನಿ, ಮೆತ್ತನೆಯ ದನಿ. ಸ್ಟೇನ್‌ಲೆಸ್ ಸ್ಟೀಲ್ ಸುತ್ತಿದ ತಂತಿಗೆ ‘ಚೂಪು ದನಿ’, ಅಪ್ಪಟ ನಿಕಲ್ ಸುತ್ತಿದ್ದಕ್ಕೆ ‘ಮೆತ್ತನೆಯ ದನಿ’ ಎಂದು ಈಗ ಬರೆದಿದ್ದೇನೆ. ‘ಮೆಲುದನಿ’ ಎಂದು ಬೇಕೆಂದೇ ಬರೆದಿಲ್ಲ. ಅದು ಸದ್ದು ಕಡಿಮೆ ಎಂಬ ಅರ್ಥ ಕೊಡುತ್ತದೆ, ಇಲ್ಲಿ ಸದ್ದಿನ ಪ್ರಮಾಣದ ಮಾತೇ ಇಲ್ಲ.

ಈಗ ನನ್ನ ಮುಖ್ಯ ಪ್ರಶ್ನೆ. ‘ಬಿಗಿ’ ಎಂಬ ಒಂದೇ ಪದಕ್ಕೆ ನಾವು ಎರಡು ಕೆಲಸ ಹೊರಿಸುತ್ತಿದ್ದೇವೆ. ತಂತಿಯನ್ನು ಶ್ರುತಿಗೆ ಏರಿಸಿದಾಗ ಅದರ ಮೇಲೆ ಬೀಳುವ ಬಲ ಒಂದು. ಇದನ್ನು ಅಳೆಯಬಹುದು. ತಂತಿಯ ನುಡಿಯುವ ಭಾಗ 25.5 ಅಂಗುಲ ಉದ್ದವಿರುವ ಗಿಟಾರಿನಲ್ಲಿ ಒಂದನೆಯ ತಂತಿ 0.009 ಅಂಗುಲ ದಪ್ಪವಿದ್ದರೆ ಅದರ ಬಿಗಿ ಸುಮಾರು 6 ಕಿಲೋ, 0.010 ಅಂಗುಲವಾದರೆ ಸುಮಾರು 7.3 ಕಿಲೋ. ಎರಡರ ದಪ್ಪದ ಅಂತರ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗ, ಒಂದು ತಲೆಗೂದಲಿಗಿಂತಲೂ ಕಡಿಮೆ. ಆದರೂ ಬಿಗಿ ಐದನೇ ಒಂದು ಪಾಲಿಗಿಂತ ಹೆಚ್ಚು ಏರುತ್ತದೆ, ಏಕೆಂದರೆ ಅದು ದಪ್ಪದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆ ಉದ್ದ 24.75 ಅಂಗುಲವಿರುವ ಗಿಟಾರಿಗೆ ಅದೇ ತಂತಿಯನ್ನು ಅದೇ ಶ್ರುತಿಗೆ ಕಟ್ಟಿದರೆ ಬಿಗಿ ಶೇಕಡಾ 6ರಷ್ಟು ಇಳಿಯುತ್ತದೆ.

ಇನ್ನೊಂದು, ಬೆರಳಿಗೆ ತಾಗುವುದು. ಲೆಕ್ಕದಲ್ಲಿ ಒಂದೇ ಬಿಗಿಯಿರುವ ಎರಡು ತಂತಿಗಳಲ್ಲಿ ಒಂದು ಬೆರಳಿಗೆ ಮಣಿಯುತ್ತದೆ, ಇನ್ನೊಂದು ಸೆಟೆದುಕೊಳ್ಳುತ್ತದೆ. ಒಳಗಿನ ಎಳೆ ದುಂಡಗಿದೆಯೋ ಆರು ಮೂಲೆಯದೋ, ಎಳೆ ಎಷ್ಟು ದಪ್ಪ, ಅದರ ಮೇಲಿನ ಸುತ್ತು ಎಷ್ಟು ದಪ್ಪ ಎಂಬುದೆಲ್ಲ ಇದರಲ್ಲಿ ಸೇರುತ್ತದೆ. ಇದನ್ನೂ ‘ಬಿಗಿ’ ಎಂದೇ ಕರೆದರೆ ವಿದ್ಯಾರ್ಥಿಗೆ ಗೊಂದಲ. ನನಗೆ ಹೊಳೆದ ಪದ ‘ಬಿರುಸು’. ಗಂಜಿ ಹಾಕಿ ಒಣಗಿಸಿದ ಪಂಚೆಯನ್ನು ಬಿರುಸಾಗಿದೆ ಎನ್ನುತ್ತೇವೆ. ಅದನ್ನು ಯಾರೂ ಎಳೆದು ಕಟ್ಟಿರುವುದಿಲ್ಲ, ಬಟ್ಟೆಯ ಗುಣವೇ ಹಾಗಾಗಿರುತ್ತದೆ. ಹಗ್ಗದ ಮೇಲೆ ಎಳೆದು ಕಟ್ಟಿದ ಸೀರೆ ಬಿಗಿಯಾಗಿರುತ್ತದೆ, ಬಿರುಸಾಗಿರುವುದಿಲ್ಲ. ಹಾಗೆಯೇ ‘ಬಿಗಿ’ಗೆ ಎದುರು ‘ಸಡಿಲ’, ‘ಬಿರುಸಿ’ಗೆ ಎದುರು ‘ಬಳುಕು’ ಎಂದು ಇಟ್ಟುಕೊಂಡಿದ್ದೇನೆ. 1960ರ ದಶಕದಲ್ಲಿ ಅಮೆರಿಕದ ಎರ್ನಿ ಬಾಲ್ ಮಾರುಕಟ್ಟೆಗೆ ತಂದ ಹಗುರ ತಂತಿಗಳಿಗೆ ‘ಸ್ಲಿಂಕಿ’ ಎಂದು ಹೆಸರಿಟ್ಟರಲ್ಲ, ಆ ಹೆಸರಿನ ಭಾವ ‘ಬಳುಕು’ ಪದದಲ್ಲಿ ಚೆನ್ನಾಗಿ ಬರುತ್ತದೆ. ‘ಬಿರುಸು’ ಎಂದರೆ ಬಿರುಸಿನ ಮಳೆ, ಬಿರುಸಿನ ಪ್ರಚಾರ ಎಂಬಲ್ಲಿನ ವೇಗವೇ ಮೊದಲು ನೆನಪಾಗುತ್ತದೆಯೇ? ನಿಮ್ಮ ಊರಿನಲ್ಲಿ ಬಟ್ಟೆಗೆ, ಚರ್ಮಕ್ಕೆ, ಹಗ್ಗಕ್ಕೆ ಈ ಪದ ಬಳಕೆಯಲ್ಲಿದೆಯೇ?

ಇದಕ್ಕೆ ಅಂಟಿಕೊಂಡೇ ಇನ್ನೊಂದು. ತಂತಿಯನ್ನು ಮೆಟ್ಟಿಲಿನ (ಕೊರಳಿನ ಮೇಲಿನ ಅಡ್ಡಪಟ್ಟಿ, ‘ಫ್ರೆಟ್’) ಮೇಲೆ ಪಕ್ಕಕ್ಕೆ ಸರಿಸಿ ಸ್ವರವನ್ನು ಏರಿಸುವುದಕ್ಕೆ ಗಿಟಾರಿನವರು ‘ಬೆಂಡ್’ ಎನ್ನುತ್ತಾರೆ. ನಾನು ‘ಬಗ್ಗಿಸುವುದು’ ಎಂದು ಬರೆದಿದ್ದೆ. ವೀಣೆ ನುಡಿಸುವ ನನ್ನ ಚಿಕ್ಕಮ್ಮ ಓದಿ, “ತಂತಿಯನ್ನು ಯಾರಾದರೂ ಬಗ್ಗಿಸುತ್ತಾರೆಯೇ, ಎಳೆಯುತ್ತಾರೆ” ಎಂದರು. ಅವರು ಹೇಳಿದ್ದೇ ಸರಿ. ‘ಎಳೆತ’ ಎಂದು ತಿದ್ದಿದ್ದೇನೆ. ಮೆಟ್ಟಿಲು, ಕುದುರೆ (ತಂತಿಗಳನ್ನು ಹೊರುವ ‘ಬ್ರಿಡ್ಜ್’), ಬಿರಡೆ (ಶ್ರುತಿ ಮಾಡಲು ತಿರುಗಿಸುವ ಗೂಟ), ಮೀಟು: ಇವೆಲ್ಲ ವೀಣೆಯ ಮನೆಯಿಂದ ಸಲೀಸಾಗಿ ಗಿಟಾರಿಗೆ ಬರುತ್ತವೆ. ಹೊಸ ಪದ ಕಟ್ಟುವ ಮೊದಲು ವೈಣಿಕರನ್ನು ಕೇಳಬೇಕು ಎಂಬುದನ್ನು ಕಲಿತೆ.

ದಪ್ಪದ ಲೆಕ್ಕದಲ್ಲಿ ಬೇರೆ ತೊಡಕಿದೆ. ‘ಗೇಜ್’ ಪದವನ್ನು ಹಾಗೆಯೇ ಉಳಿಸಿದ್ದೆ. ಒಬ್ಬ ವಿದ್ಯಾರ್ಥಿಯ ತಂದೆ ವೈರಿಂಗ್ ಕೆಲಸ ಮಾಡುವವರು. “ಗೇಜ್ ನಂಬರ್ ದೊಡ್ಡದಾದಷ್ಟು ಸರಿಗೆ ಸಪುರ ಅಲ್ಲವೇ, ನೀವು ತಿರುಗಿಸಿ ಬರೆದಿದ್ದೀರಿ” ಎಂದರು. ಅವರ ಲೆಕ್ಕ ಬ್ರಿಟಿಷ್ ಕಾಲದಿಂದ ಬಂದ ಸ್ಟ್ಯಾಂಡರ್ಡ್ ವೈರ್ ಗೇಜ್. ಅದರಲ್ಲಿ 28ಕ್ಕಿಂತ 33 ಸಣ್ಣದು. ಗಿಟಾರಿನವರ ಸಂಖ್ಯೆಯೋ ಅಂಗುಲದ ಸಾವಿರದ ಭಾಗಗಳು. 9ಕ್ಕಿಂತ 10 ದಪ್ಪ. ಆ ವೈರ್ ಗೇಜಿನ 33 ಎಂದರೆ ಸರಿಯಾಗಿ 0.010 ಅಂಗುಲ. ಅವರ ಕೈಯಲ್ಲಿ 33 ಆಗಿದ್ದ ಸರಿಗೆ ನನ್ನ ಕೈಗೆ ಬಂದಾಗ 10 ಆಗುತ್ತದೆ! ಆದ್ದರಿಂದ ಈಗ ‘ಗೇಜ್’ ಬಿಟ್ಟು ‘ದಪ್ಪ’ ಎಂದಷ್ಟೇ ಬರೆಯುತ್ತಿದ್ದೇನೆ: 9ರ ದಪ್ಪ, 10ರ ದಪ್ಪ.

ಅವರು ಆಡಿದ ‘ಸಪುರ’ ನನ್ನ ಮನಸ್ಸಿನಲ್ಲಿ ಉಳಿಯಿತು. ‘ತೆಳು ತಂತಿ’ ಎಂದು ಬರೆಯುವಾಗೆಲ್ಲ ನನಗೆ ಏನೋ ತಪ್ಪಿದಂತೆ ಅನ್ನಿಸುತ್ತದೆ. ತೆಳು ಎಂದರೆ ದೋಸೆ, ಹಾಳೆ, ಬಟ್ಟೆ, ಹರಡಿಕೊಂಡ ವಸ್ತು. ಉದ್ದಕ್ಕೆ ದುಂಡಗಿರುವುದಕ್ಕೆ ಕರಾವಳಿಯಲ್ಲಿ ಸಪುರ ಎನ್ನುತ್ತೇವೆ: ಸಪುರ ಕೋಲು, ಸಪುರ ಹುಡುಗ. ಈ ಪದ ಘಟ್ಟದ ಮೇಲಿನವರಿಗೆ ತಿಳಿಯುತ್ತದೆಯೇ? ಇಲ್ಲವಾದರೆ ‘ಸಣ್ಣ ತಂತಿ’ ಎಂದರೆ ಉದ್ದ ಕಡಿಮೆ ಎಂದು ಯಾರಾದರೂ ತಿಳಿದುಕೊಂಡಾರೇ?

ಸುತ್ತಿಲ್ಲದ ತಂತಿಗೆ ‘ಬರಿತಂತಿ’, ಸುತ್ತಿದ್ದಕ್ಕೆ ‘ಸುತ್ತುತಂತಿ’ ಎಂದಿದ್ದೇನೆ. ಬರಿಗಾಲು, ಬರಿಗೈ ಇರುವಾಗ ಬರಿತಂತಿಗೆ ಯಾರ ಅಭ್ಯಂತರವೂ ಇರಲಾರದು. ಸುತ್ತುವ ಸರಿಗೆ ಗುಂಡಗಿದ್ದರೆ ‘ಉರುಟು ಸುತ್ತು’, ಪಟ್ಟಿಯಂತಿದ್ದರೆ ‘ಚಪ್ಪಟೆ ಸುತ್ತು’. ಇಲ್ಲಿ ಅಚ್ಚಿನ ತಪ್ಪಿನ ಭಯವಿದೆ, ‘ಉರುಟು’ ಹೋಗಿ ‘ಒರಟು’ ಆದೀತು. ಆದರೆ ಉರುಟು ಸುತ್ತಿನ ತಂತಿಯ ಮೇಲೆ ಉಗುರು ಎಳೆದರೆ ಅದು ನಿಜಕ್ಕೂ ಒರಟಾಗಿ ಕೆರೆಯುತ್ತದೆ, ಚಪ್ಪಟೆ ಸುತ್ತು ನುಣ್ಣಗೆ ಜಾರುತ್ತದೆ. ತಪ್ಪಾಗಿ ಓದಿದರೂ ಅರ್ಥ ಕೆಡದು.

ಲೇಪಗಳಿಗೆ ನಮ್ಮಲ್ಲಿ ಒಳ್ಳೆಯ ಪದಗಳಿವೆ ಎಂಬುದು ಸಂತೋಷದ ಸಂಗತಿ. ಬರಿತಂತಿಯ ಉಕ್ಕಿಗೆ ಸಾಮಾನ್ಯವಾಗಿ ತವರ ಹಚ್ಚಿರುತ್ತಾರೆ; ಪಾತ್ರೆಗೆ ತವರ ಹಚ್ಚಿದರೆ ಅದು ಕಲಾಯಿ, ಇಲ್ಲಿಯೂ ಅದೇ ಆಗಲಿ. ಸುತ್ತುಸರಿಗೆಯ ನಿಕಲ್ ಲೇಪಕ್ಕೆ ‘ಗಿಲೀಟು’. ಕಟ್ಟಿನ ಮೇಲೆ ‘ನಿಕಲ್ ವೂಂಡ್’ ಎಂದಿದ್ದರೆ ಹೆಚ್ಚಿನ ಸಲ ಅದು ನಿಕಲ್ ಗಿಲೀಟಿನ ಉಕ್ಕು, ಅಪ್ಪಟ ನಿಕಲ್ ಅಲ್ಲ. ಗಿಲೀಟು ಎಂದರೆ ವಿದ್ಯಾರ್ಥಿಗೆ ಒಂದೇ ಏಟಿಗೆ ತಿಳಿಯುತ್ತದೆ. ಪ್ಲಾಸ್ಟಿಕ್ಕಿನಂಥ ತೆಳುಪೊರೆ ಹೊದಿಸಿದ ದುಬಾರಿ ತಂತಿಗಳಿಗೆ ‘ಪೊರೆತಂತಿ’ ಎನ್ನಲೇ?

ಕೊನೆಯದು ಬಾಳಿಕೆ. ತಂತಿ ಹರಿದರೆ ಹೇಳಲು ಪದಗಳಿವೆ: ಹರಿಯಿತು, ಕಡಿಯಿತು, ತುಂಡಾಯಿತು. ಹರಿಯದೆ ದನಿ ಮಾತ್ರ ಹೋದರೆ? ಈ ಆಷಾಢದಲ್ಲಿ ನಮ್ಮ ಕಡಲ ಬದಿಯ ಊರಿನಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಎರಡೇ ವಾರದಲ್ಲಿ ಬರಿತಂತಿಯ ಮೇಲೆ ಕಂದು ಚುಕ್ಕೆ ಏಳುತ್ತದೆ. ಸುತ್ತುತಂತಿಯನ್ನು ಬಿಳಿ ಬಟ್ಟೆಯಿಂದ ಹಿಡಿದು ಒರೆಸಿದರೆ ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಬೆವರು, ಬೆರಳಿನ ಜಿಡ್ಡು, ಧೂಳು ಸುತ್ತುಗಳ ಸಂದಿಯಲ್ಲಿ ಕೂತು ತಂತಿಯ ತೂಕವನ್ನು ಒಂದೊಂದು ಕಡೆ ಒಂದೊಂದು ಬಗೆಯಾಗಿ ಹೆಚ್ಚಿಸಿರುತ್ತವೆ. ಮೇಲಿನ ಅನುಸ್ವರಗಳು, ಎಂದರೆ ಮೂಲ ಸ್ವರದ ಜೊತೆಗೆ ಸಣ್ಣಗೆ ಕೇಳುವ ಏರುಸ್ವರಗಳು, ಮೊದಲು ಅಡಗುತ್ತವೆ. ಶ್ರುತಿ ಸರಿಯಾಗಿ ಕೂರುವುದಿಲ್ಲ. ‘ತಂತಿ ಸತ್ತಿದೆ’ ಎಂದು ನನ್ನ ಹುಡುಗರು ಇಂಗ್ಲಿಷಿನಿಂದ ಎತ್ತಿಕೊಂಡು ಹೇಳುತ್ತಾರೆ. ‘ಮಂಕಾಗಿದೆ’ ಎಂದು ನಾನು ತಿದ್ದುತ್ತೇನೆ. ಆದರೆ ಮಂಕು ಕಣ್ಣಿನ ಪದ, ದೀಪದ ಪದ; ಬೆಳಕಿನ ಮಾತು ಬೇಡವೆಂದು ಮೇಲೆ ಹೇಳಿದವನೇ ಮತ್ತೆ ಅಲ್ಲಿಗೆ ಹೋದಂತಾಗುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ, ಸೀಳು ಬಿಟ್ಟದ್ದನ್ನು ಸದ್ದಿನಿಂದಲೇ ಗುರುತಿಸುವ ಹೆಂಗಸರಿದ್ದಾರೆ. ಅವರ ಬಾಯಲ್ಲಿ ಆ ಸದ್ದಿಗೆ ಒಂದು ಪದ ಇದ್ದೇ ಇರಬೇಕು. ವೀಣೆ, ತಂಬೂರಿ, ಏಕತಾರಿ ನುಡಿಸುವವರು, ಅವುಗಳನ್ನು ರಿಪೇರಿ ಮಾಡುವವರು ನಿಮ್ಮ ಬಳಗದಲ್ಲಿದ್ದರೆ, ಹಳತಾದ ತಂತಿಯನ್ನು ಬಿಚ್ಚುವ ಮೊದಲು ಅವರು ಅದರ ದನಿಯ ಬಗ್ಗೆ ಏನನ್ನುತ್ತಾರೆ ಎಂದು ಕೇಳಿ, ಅವರು ಆಡಿದಂತೆಯೇ, ಊರಿನ ಹೆಸರಿನೊಂದಿಗೆ ಬರೆದು ತಿಳಿಸಿ.